ಅವರು ಸನ್ಯಾಸಿನಿಯರಾಗಿರಲಿಲ್ಲ

ಜೆಕ್ ದೇಶದ ರಾಜಧಾನಿ ಪ್ರಾಗ್‌ನ ಕೋಟೆಯೊಳಗಿನ ರೋಸೆನ್‌ಬರ್ಗ್ ಅರಮನೆಯ ಕುರಿತ ಈ ಲೇಖನ ಸೊಗಸಾಗಿದೆ. ಆದರೆ ಅಲ್ಲಿ ವಾಸವಿದ್ದ ಕುಲೀನ ಮನೆತನದ ಅವಿವಾಹಿತ ಹೆಣ್ಣುಮಕ್ಕಳನ್ನು ‘ಸನ್ಯಾಸಿನಿಯರು’ ಎಂದು ಕರೆದದ್ದು ಸರಿಯಲ್ಲ. 1750ರ ದಶಕದಲ್ಲಿ ಹ್ಯಾಬ್ಸ್‌ಬರ್ಗ್ ರಾಜವಂಶದ ರಾಣಿ ಮರಿಯಾ ತೆರೇಸಾ ಅಲ್ಲಿ ಮಹಿಳೆಯರ ಸಂಸ್ಥೆಯೊಂದನ್ನು ಸ್ಥಾಪಿಸಿದ್ದು ಬಡತನಕ್ಕೆ ಬಿದ್ದ ಶ್ರೀಮಂತ ವಂಶಗಳ 30 ಹೆಣ್ಣುಮಕ್ಕಳಿಗಾಗಿ. ಊಟ, ವಸತಿ, ವರ್ಷಾಶನ ಎಲ್ಲವೂ ಇತ್ತು. ದಿನನಿತ್ಯದ ಪ್ರಾರ್ಥನೆ ಕಡ್ಡಾಯವಾಗಿತ್ತು, ನಿಜ. ಆದರೆ ಆಜೀವ ವ್ರತದ ಕಟ್ಟಿರಲಿಲ್ಲ. ಒಳ್ಳೆಯ ಸಂಬಂಧ ಕೂಡಿಬಂದರೆ ಹೊರಬಂದು ಮದುವೆಯಾಗಬಹುದಿತ್ತು. ನನ್ನ ಮಟ್ಟಿಗೆ ಇದು ದೊಡ್ಡ ವ್ಯತ್ಯಾಸ.

ಸಂಸ್ಥೆಯ ಮುಖ್ಯಸ್ಥೆಯ ಸ್ಥಾನ ಹ್ಯಾಬ್ಸ್‌ಬರ್ಗ್ ರಾಜಕುಮಾರಿಯರಿಗೆ ಮೀಸಲಾಗಿತ್ತು. ಬೊಹೀಮಿಯಾದ (ಇಂದಿನ ಜೆಕ್ ದೇಶದ ಭಾಗ) ರಾಣಿಗೆ ಕಿರೀಟ ತೊಡಿಸುವ ಹಕ್ಕೂ ಆಕೆಯದಾಗಿತ್ತು! ಆ ಹಕ್ಕು ಮೊದಲು ಪಕ್ಕದ ಸೇಂಟ್ ಜಾರ್ಜ್ ಕನ್ಯಾಮಠದ ಮುಖ್ಯಸ್ಥೆಯದು. 1782ರಲ್ಲಿ ಆ ಮಠ ಮುಚ್ಚಿದ ಮೇಲೆ ಇತ್ತ ಬಂತು. ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲದ್ದು ಬೇಸರ ತಂದಿತು.

ಮಗಳೊಂದಿಗೆ ಆ ಅರಮನೆಗೆ ಹೋಗಿದ್ದಾಗ, ಅಂದಿನ ನಿವಾಸಿಯೊಬ್ಬಳ ಕೋಣೆಯಂತೆ ಸಜ್ಜುಗೊಳಿಸಿದ ಜಾಗದ ಮುಂದೆ ಬಹಳ ಹೊತ್ತು ನಿಂತಿದ್ದೆ. ಅರಮನೆಯ ಹೆಸರು ಕೇಳಿ ಊಹಿಸಿಕೊಂಡ ವೈಭವ ಅಲ್ಲಿರಲಿಲ್ಲ. ಒಬ್ಬಳೇ ಹೆಂಗಸು ತನ್ನದೆಂದು ಹೇಳಿಕೊಳ್ಳಬಹುದಾದಷ್ಟು ಸಾಮಾನು, ಅಷ್ಟೇ. ‘ಬಾಗಿಲು ಹಾಕಿಕೊಂಡು ಕೂರಬಹುದಿತ್ತಲ್ಲಮ್ಮ’ ಎಂದಳು ಮಗಳು. ಆ ಮಾತು ಇನ್ನೂ ಕಿವಿಯಲ್ಲಿದೆ. ಒಂದನೇ ಮಹಾಯುದ್ಧ ಮುಗಿದು ಹ್ಯಾಬ್ಸ್‌ಬರ್ಗ್ ಆಳ್ವಿಕೆ ಕೊನೆಗೊಂಡಾಗ ಸಂಸ್ಥೆಯನ್ನೂ ಮುಚ್ಚಿದರು. ಅಲ್ಲಿದ್ದವರು ಆಮೇಲೆ ಎಲ್ಲಿಗೆ ಹೋದರು? ಲೇಖಕರು ದಯವಿಟ್ಟು ಅದರ ಬಗ್ಗೆಯೂ ಬರೆಯಬೇಕು, ‘ಸನ್ಯಾಸಿನಿ’ ಎಂಬ ಪದವನ್ನೂ ತಿದ್ದಬೇಕು.