ಕಿಲೋಮೀಟರ್ ಒಂದೇ, ಗಂಟೆ ಬೇರೆ

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ ಅಂತ ಸುಮ್ನೆ ಹುಡುಕಿ ನೋಡುವ ಚಟ ನನಗಿದೆ. ಹೋಗುವ ಊರೇ ಆಗಬೇಕೆಂದಿಲ್ಲ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಸುಮಾರು 15,300 ಕಿ.ಮೀ. ಅಂತ ತಿಳಿದು ನನಗೆ ಆಗಬೇಕಾದ್ದೇನೂ ಇಲ್ಲ. ಆದರೂ ಖುಷಿ. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಅಂದಮೇಲೆ ಯಾವ ಎರಡು ಊರೂ ಅದರ ಅರ್ಧಕ್ಕಿಂತ ಜಾಸ್ತಿ ದೂರ ಇರಲಾರವು. ಅಷ್ಟು ದಾಟಿ ಮುಂದೆ ಹೋದರೆ ಆಚೆ ಕಡೆಯಿಂದ ಹತ್ತಿರವಾಗುತ್ತಾ ಬರುತ್ತೇವೆ!

ಈ ದೂರ ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದಾಗ ಸಿಗುವಂಥದ್ದು. ಸಿಂಗಪುರ–ನ್ಯೂಯಾರ್ಕ್ ದಾರ ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ. ಗೋಡೆಯ ನಕಾಶೆ ನೋಡಿ ಬೆಳೆದವರಿಗೆ ನಂಬುವುದು ಕಷ್ಟವೇ.

ಸರಿ, ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ 17 ಗಂಟೆ. ಟಿಕೆಟ್ಟಿನಲ್ಲಿ ಮಾತ್ರ 18 ದಾಟಿರುತ್ತದೆ. ಗೇಟು ಬಿಟ್ಟಲ್ಲಿಂದ ಗೇಟು ಸೇರುವವರೆಗಿನ ಲೆಕ್ಕ ಅದು. ರನ್‌ವೇ ತನಕ ತೆವಳುವುದು, ಸರದಿಯಲ್ಲಿ ಕಾಯುವುದು ಎಲ್ಲ ಅದರಲ್ಲೇ ಬಂತು. ಇರಲಿ ಅಂತ ಕಂಪನಿಯವರು ಒಂದಿಷ್ಟು ನಿಮಿಷ ಜಾಸ್ತಿಯೇ ಇಟ್ಟುಕೊಂಡಿರುತ್ತಾರೆ. ಹಾಗಾಗಿ ‘ಇಪ್ಪತ್ತು ನಿಮಿಷ ಮುಂಚೆ ಬಂದಿದ್ದೇವೆ’ ಅಂತ ಪೈಲಟ್ ಹೆಮ್ಮೆಯಿಂದ ಹೇಳಿದರೆ ನಾನು ಮರುಳಾಗುವುದಿಲ್ಲ.

ಆದರೆ ಲೆಕ್ಕವನ್ನು ನಿಜವಾಗಿ ಕೆಡಿಸುವುದು ಗಾಳಿ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತಿರುತ್ತದೆ. ನ್ಯೂಯಾರ್ಕಿನಿಂದ ಲಂಡನ್‌ಗೆ ಏಳು ಗಂಟೆ ಅಂತಿದ್ದರೆ, ವಾಪಸು ಬರಲು ಎಂಟು ಬೇಕು. ದಾರ ಅದೇ, ಅಲ್ವಾ? 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಸಮಯ, ಬ್ರಿಟಿಷ್ ಏರ್‌ವೇಸ್‌ನ ಜಂಬೋ ವಿಮಾನವೊಂದು 4 ಗಂಟೆ 56 ನಿಮಿಷದಲ್ಲೇ ಲಂಡನ್ ಮುಟ್ಟಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಾದರೆ ಶಬ್ದದ ವೇಗವನ್ನೂ ಮೀರಿತೇ? ಇಲ್ಲ. ವಿಮಾನ ಎಂದಿನಂತೆಯೇ ಹಾರುತ್ತಿತ್ತು, ಸುತ್ತಲಿನ ಗಾಳಿಯೇ ಅದನ್ನು ಹೊತ್ತು ಓಡುತ್ತಿತ್ತು. ಒಳಗಿದ್ದವರು ನಿದ್ದೆ ಮಾಡಿದ್ದರೂ ಮಾಡಿರಬಹುದು.

ಪೈಲಟ್‌ಗಳಿಗೆ ಇದೆಲ್ಲ ಹೊಸದಲ್ಲ. ಸಿಂಗಪುರ ಬಿಟ್ಟ ವಿಮಾನ ಎಷ್ಟೋ ಸಲ ಧ್ರುವದ ದಾರಿ ಹಿಡಿಯದೆ ಪೆಸಿಫಿಕ್ ಮೇಲೆ ಸುತ್ತಿ ಹೋಗುತ್ತದೆ. ಸಾವಿರಕ್ಕೂ ಹೆಚ್ಚು ಕಿ.ಮೀ. ಜಾಸ್ತಿ. ಆದರೂ ಬೆನ್ನಿಗೆ ಗಾಳಿ ಸಿಕ್ಕಿ ಬೇಗ ತಲುಪುತ್ತದೆ. ಹತ್ತಿರದ ದಾರಿಯೇ ತಡವಾದರೆ ನನ್ನ 15,300ಕ್ಕೆ ಏನು ಬೆಲೆ ಹೇಳಿ!

ಇನ್ನು ಪೆಸಿಫಿಕ್‌ನ ದ್ವೀಪ ದೇಶ ಸಮೋವಾದವರ ಕಥೆಗೆ ಭಾಗಾಕಾರವೇ ಸೋಲುತ್ತದೆ. 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಬಿಟ್ಟು, ಅವರು ದಿನಾಂಕ ರೇಖೆಯ (ದಾಟಿದರೆ ತಾರೀಖೇ ಬದಲಾಗುವ ಗೆರೆ) ಆಚೆ ಬದಿಗೆ ಸೇರಿಕೊಂಡರು. ಪಕ್ಕದ ಅಮೆರಿಕನ್ ಸಮೋವಾ ಈಚೆ ಬದಿಯಲ್ಲೇ ಉಳಿಯಿತು. ಎರಡರ ನಡುವೆ ವಿಮಾನಕ್ಕೆ ಅರ್ಧ ಗಂಟೆ ಚಿಲ್ಲರೆ ಸಾಕು. ಸೋಮವಾರ ಬೆಳಗ್ಗೆ ಹತ್ತಿದವರು ಭಾನುವಾರ ಬೆಳಗ್ಗೆ ಇಳಿಯುತ್ತಾರೆ. ಬೇಕಿದ್ದರೆ ಹುಟ್ಟುಹಬ್ಬ ಎರಡು ಸಲ ಮಾಡಿಕೊಳ್ಳಬಹುದು.