ಎಂಟು ತಿಂಗಳು ಆರಾಗಿದ್ದು ಹೇಗೆ?

ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು 863ರಲ್ಲಿ ಪೂರ್ವ ಯುರೋಪಿನ ಸ್ಲಾವ್ ಜನರಿಗೆ, ಇಂದು ರಷ್ಯನ್ ಭಾಷೆ ಬರೆಯುವ ಸಿರಿಲಿಕ್ ಲಿಪಿ ಕೊಟ್ಟರು, ಅಲ್ಲಿಂದ ಅವರ ಇತಿಹಾಸವೇ ಬದಲಾಯಿತು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಬರಹಗಳು ಬೇಕಾದಷ್ಟಿವೆ. ಈ ಸಾಲು ನನಗೆ ಒಪ್ಪಿಗೆಯಿಲ್ಲ. ಅವರು ಕೊಟ್ಟ ಲಿಪಿ ಸಿರಿಲಿಕ್ ಅಲ್ಲ, ಅದಕ್ಕಿಂತ ಹಳೆಯದಾದ ಗ್ಲಾಗೊಲಿಟಿಕ್. ಅದಕ್ಕಿಂತ ಮುಖ್ಯವಾಗಿ, 863ರಲ್ಲಿ ಶುರುವಾದ ಕೆಲಸ ಇಪ್ಪತ್ತೆರಡೇ ವರ್ಷಕ್ಕೆ, ಹುಟ್ಟಿದ ನೆಲದಲ್ಲೇ ನೆಲಕಚ್ಚಿತು. ನಿಜವಾದ ತಿರುವು 886ರ ಹೊತ್ತಿಗೆ ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಆಯಿತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊರಾವಿಯಾದ (ಇಂದಿನ ಚೆಕ್, ಸ್ಲೊವಾಕ್ ಸೀಮೆಯ) ದೊರೆ ರಾಸ್ತಿಸ್ಲಾವ್ ಬೈಜಾಂಟಿನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಿಗೆ ದೂತರನ್ನು ಕಳಿಸಿದ್ದು 862ರಲ್ಲಿ. ಅವನ ನಾಡಿಗೆ ಕ್ರೈಸ್ತಧರ್ಮ ಹೊಸದೇನಲ್ಲ. ಪಕ್ಕದ ಜರ್ಮನ್ ಸೀಮೆಯಲ್ಲಿ, ಫ್ರಾಂಕರ ರಾಜ್ಯಕ್ಕೆ ಸೇರಿದ್ದ ಬವೇರಿಯಾದ ಪಾದ್ರಿಗಳು ಆಗಲೇ ಬಂದು ನೆಲೆಸಿದ್ದರು. ತೊಂದರೆ ಇದ್ದದ್ದೇ ಅಲ್ಲಿ: ಪಾದ್ರಿಯ ಬೆನ್ನಿಗೆ ಬಿಷಪ್, ಬಿಷಪ್ಪನ ಬೆನ್ನಿಗೆ ಫ್ರಾಂಕರ ರಾಜ. ಈ ಹಿಡಿತ ತಪ್ಪಿಸಿಕೊಳ್ಳಬೇಕಿತ್ತು ಅವನಿಗೆ, ಅದಕ್ಕೇ ತನ್ನ ಜನರ ಮಾತಿನಲ್ಲೇ ಧರ್ಮ ಕಲಿಸುವವರನ್ನು ಕಳಿಸಿ ಅಂತ ಕೇಳಿದ. ಸಾಮ್ರಾಟ ಮೂರನೇ ಮಿಖಾಯಿಲ್ ಥೆಸಲೋನಿಕಿಯ ಈ ಅಣ್ಣತಮ್ಮಂದಿರನ್ನು ಆರಿಸಿದ. ಆ ಊರಿನ ಸುತ್ತಮುತ್ತ ಸ್ಲಾವ್ ಮಾತು ಬಳಕೆಯಲ್ಲಿತ್ತು. ತಮ್ಮನ ಹೆಸರು ಆಗಿನ್ನೂ ಕಾನ್‌ಸ್ಟಂಟೈನ್. ಸಿರಿಲ್ ಅನ್ನುವುದು 869ರಲ್ಲಿ ರೋಮಿನಲ್ಲಿ ಸಾಯುವುದಕ್ಕೆ ಸುಮಾರು ಐವತ್ತು ದಿನ ಮೊದಲು ಸನ್ಯಾಸ ತೆಗೆದುಕೊಂಡಾಗ ಬಂದ ಹೆಸರು.

ಕಾನ್‌ಸ್ಟಂಟೈನ್ ಮಾಡಿದ್ದು ಸಣ್ಣ ಕೆಲಸವಲ್ಲ. ಗ್ರೀಕ್ ವರ್ಣಮಾಲೆಯಲ್ಲಿ 24 ಅಕ್ಷರ. ಸ್ಲಾವ್ ಮಾತಿನ ಚ, ಶ, ತ್ಸ, ಮೂಗಿನಿಂದ ಬರುವ ಎರಡು ಸ್ವರಗಳು, ಅರ್ಧ ನುಂಗಿದಂತೆ ಕೇಳುವ ಎರಡು ಕಿರುಸ್ವರಗಳು ಇವಕ್ಕೆಲ್ಲ ಅದರಲ್ಲಿ ಜಾಗವೇ ಇಲ್ಲ. ಅವನು ಗ್ರೀಕ್ ಅಕ್ಷರಕ್ಕೆ ಬಾಲ ಕೊಂಬು ಹಚ್ಚುತ್ತ ಕೂರಲಿಲ್ಲ. ಉಂಗುರ, ತ್ರಿಕೋನ, ಶಿಲುಬೆಗಳಿಂದ ಹೊಸ ರೂಪಗಳನ್ನೇ ಕಟ್ಟಿದ. ಮೊದಲ ಅಕ್ಷರವೇ ಶಿಲುಬೆಯಂತಿದೆ. ಶ ಅಕ್ಷರ ಮಾತ್ರ ಹೀಬ್ರೂ ಲಿಪಿಯ ಶಿನ್ ಅನ್ನು ಹೋಲುತ್ತದೆ. ಹ್ರಾಬರ್ ಎಂಬ ಸನ್ಯಾಸಿ ಸ್ವಲ್ಪ ಕಾಲದ ನಂತರ ಬರೆದ ಸಣ್ಣ ಗ್ರಂಥದಲ್ಲಿ ಒಟ್ಟು 38 ಅಕ್ಷರ ಅಂತ ಲೆಕ್ಕ ಕೊಡುತ್ತಾನೆ.

ಲಿಪಿ ಚೆನ್ನಾಗಿತ್ತು, ಅದರಲ್ಲಿ ಮಾಡಿದ ಧರ್ಮಗ್ರಂಥಗಳ ಅನುವಾದವೂ ಚೆನ್ನಾಗಿತ್ತು. ಮತ್ತೆ ಎಡವಿದ್ದೆಲ್ಲಿ?

ಮೊದಲನೆಯದಾಗಿ, ಪಾದ್ರಿಯಾಗಲು ದೀಕ್ಷೆ ಬೇಕು, ದೀಕ್ಷೆ ಕೊಡಲು ಬಿಷಪ್ಪೇ ಬೇಕು. ಅಣ್ಣತಮ್ಮಂದಿರಿಬ್ಬರೂ ಬಿಷಪ್ ಆಗಿರಲಿಲ್ಲ. ಹಾಗಾಗಿ ನಾಲ್ಕೇ ವರ್ಷದಲ್ಲಿ ಶಿಷ್ಯರನ್ನು ಕಟ್ಟಿಕೊಂಡು ಹೊರಡಬೇಕಾಯಿತು. ವೆನಿಸ್‌ನಲ್ಲಿ ದೇವರ ಸ್ತುತಿಗೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂರೇ ಭಾಷೆ ಅನ್ನುವವರ ಜೊತೆ ವಾದ ಮಾಡಿ ರೋಮ್ ತಲುಪಿದರು. ಪೋಪ್ ಎರಡನೇ ಹೇಡ್ರಿಯನ್ ಸ್ಲಾವ್ ಪುಸ್ತಕಗಳಿಗೆ ಒಪ್ಪಿಗೆ ಕೊಟ್ಟ, ಮುಂದೆ ಮೆಥೋಡಿಯಸ್ ಆರ್ಚ್‌ಬಿಷಪ್ ಆದ. ಆದರೆ ಇಡೀ ವ್ಯವಸ್ಥೆ ಅವನೊಬ್ಬನ ಕೊರಳಿಗೆ ಬಿತ್ತು. 870ರಲ್ಲಿ ಬವೇರಿಯಾದ ಬಿಷಪ್ಪರು ಅವನನ್ನು ಹಿಡಿದು ಸುಮಾರು ಎರಡೂವರೆ ವರ್ಷ ಸೆರೆಯಲ್ಲಿಟ್ಟರು. ಪೋಪ್ ಎಂಟನೇ ಜಾನ್ ಪಟ್ಟುಹಿಡಿದು 873ರಲ್ಲಿ ಬಿಡಿಸಿದ. ಅದೇ 870ರಲ್ಲಿ ರಾಸ್ತಿಸ್ಲಾವ್‌ನನ್ನು ಅವನ ಅಣ್ಣನ ಮಗ ಸ್ವಾತೊಪ್ಲುಕ್ ಹಿಡಿದು ಫ್ರಾಂಕರಿಗೆ ಒಪ್ಪಿಸಿದ್ದ, ಅವರು ಅವನ ಕಣ್ಣು ಕೀಳಿಸಿದ್ದರು. ಹೊಸ ದೊರೆಗೆ ಲ್ಯಾಟಿನ್ ಪೂಜೆಯೇ ಇಷ್ಟ. ಅವನ ಕಡೆಯ ವಿಖಿಂಗ್ ಎಂಬುವನು ನೀತ್ರಾದ ಬಿಷಪ್ ಆಗಿ ಮೆಥೋಡಿಯಸನ ಕೈಕೆಳಗೇ ಕೂತ, ಅವನ ವಿರುದ್ಧವೇ ಕೆಲಸ ಮಾಡಿದ. 885ರ ಏಪ್ರಿಲ್ 6ರಂದು ಮೆಥೋಡಿಯಸ್ ತೀರಿಕೊಂಡ. ಪೋಪ್ ಐದನೇ ಸ್ಟೀಫನ್ ಸ್ಲಾವ್ ಭಾಷೆಯ ಪೂಜೆಯನ್ನು ನಿಷೇಧಿಸಿದ. ಶಿಷ್ಯರಲ್ಲಿ ಕೆಲವರನ್ನು ಗುಲಾಮರನ್ನಾಗಿ ಮಾರಿದರು, ಕೆಲವರನ್ನು ಗಡಿಯಾಚೆ ಅಟ್ಟಿದರು. ಒಬ್ಬ ದೊರೆಯ ಮರ್ಜಿ, ಒಬ್ಬ ಆರ್ಚ್‌ಬಿಷಪ್ಪನ ಉಸಿರು, ಒಬ್ಬ ಪೋಪನ ಒಪ್ಪಿಗೆ ಈ ಮೂರರ ಮೇಲೆ ನಿಂತಿತ್ತು ಎಲ್ಲ. ಮೂರೂ ಹೋದವು.

ಕ್ಲೆಮೆಂಟ್, ನೌಮ್, ಆಂಗೆಲಾರಿಯಸ್ ಎಂಬ ಮೂವರು ಡ್ಯಾನ್ಯೂಬ್ ದಂಡೆಗೆ ಬಂದರು. ಲಿಂಡನ್ ಮರದ ಮೂರು ದಿಮ್ಮಿಗಳನ್ನು ಅದರದ್ದೇ ನಾರಿನಿಂದ ಬಿಗಿದು, ಆ ತೆಪ್ಪದ ಮೇಲೆ ದಾಟಿದರು ಎಂದು ಕ್ಲೆಮೆಂಟನ ಚರಿತ್ರೆ ಬರೆದ ಓಹ್ರಿಡ್‌ನ ಆರ್ಚ್‌ಬಿಷಪ್ ಥಿಯೋಫಿಲಾಕ್ಟ್ ಹೇಳುತ್ತಾನೆ. ಆಚೆ ದಡದ ಬೆಲ್‌ಗ್ರೇಡ್ ಆಗ ಬಲ್ಗೇರಿಯಾದ ಕೈಯಲ್ಲಿತ್ತು. ಅಲ್ಲಿನ ಅಧಿಕಾರಿ ಅವರನ್ನು ನೇರವಾಗಿ ರಾಜಧಾನಿ ಪ್ಲಿಸ್ಕಾಗೆ, ದೊರೆ ಬೋರಿಸನ ಹತ್ತಿರ ಕಳಿಸಿದ.

ಬೋರಿಸನಿಗೆ ಇವರು ಬಂದದ್ದು ಹಸಿದವನ ಮನೆಗೆ ಅಕ್ಕಿ ಬಂದಂತಾಯಿತು. 864ರ ಸುಮಾರಿಗೆ ಅವನೇ ದೀಕ್ಷಾಸ್ನಾನ ಪಡೆದಿದ್ದ. ಅದನ್ನು ವಿರೋಧಿಸಿ ದಂಗೆಯೆದ್ದ 52 ಮಂದಿ ಸರದಾರರನ್ನು ಕುಟುಂಬ ಸಮೇತ ಕೊಲ್ಲಿಸಿದ್ದ. ಅದು ಘೋರ ಕೃತ್ಯ, ಅದನ್ನು ಮುಚ್ಚಿಟ್ಟು ಅವನನ್ನು ಸಂತ ಅಂತ ಮಾತ್ರ ಹೇಳುವುದು ಸರಿಯಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಚರ್ಚಿನಲ್ಲಿ ಗ್ರೀಕ್ ಪಾದ್ರಿಗಳು, ಗ್ರೀಕ್ ಪುಸ್ತಕಗಳು. ರೋಮಿಗೆ ಪ್ರಶ್ನೆ ಕಳಿಸಿ ನೋಡಿದ. ಪೋಪ್ ನಿಕೊಲಾಸ್ 866ರಲ್ಲಿ 106 ಉತ್ತರ ಕಳಿಸಿದ. ಬೋರಿಸ್ ಕೇಳಿದ್ದ ಸ್ವಂತ ಪೇಟ್ರಿಯಾರ್ಕ್, ಅಂದರೆ ಚರ್ಚಿನ ಮುಖ್ಯಸ್ಥ, ಮಾತ್ರ ಸಿಗಲಿಲ್ಲ. ಗ್ರೀಕ್ ಬೇಡ, ಲ್ಯಾಟಿನ್ ಬೇಡ ಅನ್ನುವವನಿಗೆ ಮೂರನೆಯ ದಾರಿ ತೆಪ್ಪದ ಮೇಲೆ ಬಂದಿತ್ತು.

ಇಲ್ಲಿ ಬೋರಿಸ್ ಮಾಡಿದ ವ್ಯವಸ್ಥೆ ನೋಡಿ. ಎಲ್ಲರನ್ನೂ ಒಂದೇ ಕಡೆ ಕೂರಿಸಲಿಲ್ಲ. ನೌಮ್ ಮೊದಲಿಗೆ ರಾಜಧಾನಿಯ ಹತ್ತಿರ ಉಳಿದ. ಕ್ಲೆಮೆಂಟ್ ದೂರದ ಕುತ್ಮಿಚೆವಿತ್ಸಾಕ್ಕೆ, ಅಂದರೆ ಇಂದಿನ ಓಹ್ರಿಡ್ ಸೀಮೆಗೆ ಹೋದ. ಒಂದು ಕಡೆ ಕೆಟ್ಟರೂ ಇನ್ನೊಂದು ಕಡೆ ನಡೆಯುತ್ತದೆ. ಕ್ಲೆಮೆಂಟನ ಕೈಯಲ್ಲಿ ಕಲಿತವರು 3,500 ಮಂದಿ ಎನ್ನುತ್ತದೆ ಅವನ ಚರಿತ್ರೆ. ಸಂತರ ಚರಿತ್ರೆಯ ಅಂಕಿ ಅದು, ತೂಗಿ ನೋಡಿಯೇ ಒಪ್ಪಬೇಕು. ಆದರೆ ಪಾಠದ ಕ್ರಮದ ಬಗ್ಗೆ ಬರುವ ವಿವರ ಕಣ್ಣಾರೆ ಕಂಡವರ ಮಾತಿನಂತಿದೆ: ಒಬ್ಬ ಹುಡುಗನಿಗೆ ಅಕ್ಷರದ ಆಕಾರ ತೋರಿಸುವುದು, ಇನ್ನೊಬ್ಬನಿಗೆ ಬರೆದದ್ದರ ಅರ್ಥ ಬಿಡಿಸುವುದು, ಮತ್ತೊಬ್ಬನಿಗೆ ಕೈ ಹಿಡಿದು ತಿದ್ದಿಸುವುದು. ಗ್ರೀಕ್ ತಿಳಿಯದ ಹಳ್ಳಿ ಪಾದ್ರಿಗಳಿಗಾಗಿ ಹಬ್ಬಹಬ್ಬಕ್ಕೂ ಸರಳ ಉಪದೇಶಗಳನ್ನು ಅವನೇ ಬರೆದುಕೊಟ್ಟ. ಅಂತೂ ಪಾಠ ಶುರುವಾಗಿ ಏಳೇ ವರ್ಷಕ್ಕೆ, ಗ್ರೀಕರ ಜಾಗಕ್ಕೆ ಕೂರಿಸಲು ತಯಾರಾದ ಜನ ಇದ್ದರು.

889ರಲ್ಲಿ ಬೋರಿಸ್ ಪಟ್ಟ ಬಿಟ್ಟು ಮಠ ಸೇರಿದ. ಹಿರಿಯ ಮಗ ವ್ಲಾದಿಮಿರ್ ಹಳೆಯ ದೇವರುಗಳ ಕಡೆ ವಾಲಿದ. 893ರಲ್ಲಿ ಬೋರಿಸ್ ಮಠದಿಂದ ಹೊರಬಂದು ಮಗನ ಕಣ್ಣು ಕೀಳಿಸಿ, ಕಿರಿಯ ಮಗ ಸಿಮಿಯೋನನಿಗೆ ಪಟ್ಟ ಕಟ್ಟಿದ. ರಾಜಧಾನಿ ಪ್ರೆಸ್ಲಾವ್‌ಗೆ ಹೋಯಿತು, ಚರ್ಚಿಗೆ ಸ್ಲಾವ್ ಭಾಷೆ ಬಂತು, ಕ್ಲೆಮೆಂಟ್ ಬಿಷಪ್ ಆದ. ಗ್ರೀಕ್ ಅಕ್ಷರವೇ ಎಲ್ಲ ಕಡೆ ರೂಢಿಯಲ್ಲಿದ್ದ ಈ ವಾತಾವರಣದಲ್ಲಿ, ಗ್ರೀಕಿನ 24 ಅಕ್ಷರ ಇಟ್ಟುಕೊಂಡು ಇಲ್ಲದ್ದನ್ನು ಸೇರಿಸಿ ಕಟ್ಟಿದ್ದೇ ಸಿರಿಲಿಕ್. ಗುರುವಿನ ಹೆಸರು ಅದಕ್ಕೆ ಆಮೇಲೆ ಅಂಟಿಕೊಂಡಿತು.

ಈ ಲಿಪಿ ಬದಲಾವಣೆ ಎಂಥ ಎಡವಟ್ಟು ತಂದಿತು ಅನ್ನುವುದಕ್ಕೆ ಒಂದು ಉದಾಹರಣೆ. ಎರಡರಲ್ಲೂ ಅಕ್ಷರವೇ ಅಂಕಿ, ನಮ್ಮ ಕಟಪಯಾದಿಯಲ್ಲಿ ಅಕ್ಷರಕ್ಕೆ ಬೆಲೆ ಇರುವ ಹಾಗೆ. ಗ್ಲಾಗೊಲಿಟಿಕ್‌ನಲ್ಲಿ ಸಾಲಾಗಿ ಅ 1, ಬ 2, ವ 3, ಗ 4. ಸಿರಿಲಿಕ್ ಗ್ರೀಕ್ ಲೆಕ್ಕ ಹಿಡಿಯಿತು: ಅ 1, ವ 2, ಗ 3. ಗ್ರೀಕಿನಲ್ಲಿ ಇಲ್ಲದ ಬ ಅಕ್ಷರಕ್ಕೆ ಬೆಲೆಯೇ ಇಲ್ಲ. ದ್ಜೆಲೊ ಎಂಬ ಅಕ್ಷರ ಹಳೆಯದರಲ್ಲಿ 8, ಹೊಸದರಲ್ಲಿ 6. ಮೆಥೋಡಿಯಸನ ಚರಿತ್ರೆಯ ಸಿರಿಲಿಕ್ ಪ್ರತಿಯಲ್ಲಿ, ಅವನು ವೇಗವಾಗಿ ಬರೆಯುವ ಇಬ್ಬರು ಪಾದ್ರಿಗಳನ್ನು ಇಟ್ಟುಕೊಂಡು ಮಾರ್ಚ್‌ನಿಂದ ಅಕ್ಟೋಬರ್ 26ರವರೆಗೆ, ಆರು ತಿಂಗಳಲ್ಲಿ, ಬೈಬಲ್ ಅನುವಾದಿಸಿದ ಅಂತಿದೆ. ಬೆರಳು ಮಡಚಿ ಎಣಿಸಿದರೆ ಎಂಟು ತಿಂಗಳು. ಹಳೆಯ ಪ್ರತಿಯ ದ್ಜೆಲೊವನ್ನು ನಕಲುಗಾರ ಅಕ್ಷರ ಮಾತ್ರ ಬದಲಿಸಿ ಬರೆದ, ಬೆಲೆ ಬದಲಾದದ್ದನ್ನು ಗಮನಿಸಲಿಲ್ಲ ಅನ್ನುವುದು ವಿದ್ವಾಂಸರು ಕೊಡುವ ವಿವರಣೆ. ನನಗೆ ಇದು ಪೂರಾ ಒಪ್ಪಿಗೆ. ಹೀಗೆ ತಪ್ಪಿದ ಅಂಕಿ ಸಿಕ್ಕ ಕಡೆ ಕೆಳಗೊಂದು ಗ್ಲಾಗೊಲಿಟಿಕ್ ಮೂಲ ಇತ್ತೇ ಅಂತ ಹುಡುಕುವುದು ವಾಡಿಕೆ.

ಮುಂದಿನದು ಬೇಗ ಹೇಳುತ್ತೇನೆ. 988ರಲ್ಲಿ ಕೀವ್‌ನ ವ್ಲಾದಿಮಿರ್ ಕ್ರೈಸ್ತನಾದಾಗ ಅವನ ಪಾದ್ರಿಗಳಿಗೆ ಬಲ್ಗೇರಿಯಾದ ಪುಸ್ತಕಗಳು ಸಿದ್ಧವಾಗಿದ್ದವು. ನವ್ಗೊರೋದ್‌ನ ಓಸ್ತ್ರೊಮಿರ್‌ಗಾಗಿ ಗ್ರಿಗೊರಿ ಎಂಬ ಡೀಕನ್ (ಪಾದ್ರಿಗಿಂತ ಕೆಳಗಿನ ದರ್ಜೆಯವನು) ಬರೆದ ಸುವಾರ್ತೆ 294 ಚರ್ಮದ ಹಾಳೆಗಳದ್ದು. 1056ರ ಅಕ್ಟೋಬರ್ 21ಕ್ಕೆ ಶುರುಮಾಡಿ 1057ರ ಮೇ 12ಕ್ಕೆ ಮುಗಿಸಿದೆ ಅಂತ ಅವನೇ ಬರೆದಿಟ್ಟಿದ್ದಾನೆ, ದಿನಕ್ಕೆ ಹೆಚ್ಚುಕಡಿಮೆ ಮೂರು ಪುಟ. ಬೊಹೀಮಿಯಾದ (ಇಂದಿನ ಚೆಕ್ ದೇಶದ) ಸಾಜಾವಾ ಮಠದಲ್ಲಿ ಮಾತ್ರ ಮೊರಾವಿಯಾದ ಕಥೆಯೇ ಮರುಕಳಿಸಿತು. ಹನ್ನೊಂದನೇ ಶತಮಾನದ ಕೊನೆಗೆ ಸ್ಲಾವ್ ಸನ್ಯಾಸಿಗಳನ್ನು ಓಡಿಸಿ ಲ್ಯಾಟಿನ್ ಸನ್ಯಾಸಿಗಳನ್ನು ತಂದರು.

ನವ್ಗೊರೋದ್‌ನ ಕೆಸರಿನಲ್ಲಿ ಭೂರ್ಜ ಮರದ ತೊಗಟೆಯ ಚೂರುಗಳು ಸಾವಿರಕ್ಕೂ ಮೇಲೆ ಸಿಕ್ಕಿವೆ. ಅವುಗಳಲ್ಲೊಂದು ಹದಿಮೂರನೇ ಶತಮಾನದ ಓನ್ಫಿಮ್ ಎಂಬ ಹುಡುಗನದು. ವರ್ಣಮಾಲೆ ಪೂರ್ತಿ ಬರೆದು, ಅದರ ಕೆಳಗೆ ನಮ್ಮ ಮಕ್ಕಳು ಕಾಗುಣಿತ ಬರೆಯುವಂತೆ ಬ, ವ, ಗ, ದ ಎಂದು ಒಂದು ಸಾಲು, ಬೆ, ವೆ, ಗೆ, ದೆ ಎಂದು ಇನ್ನೊಂದು ಸಾಲು ತಿದ್ದಿದ್ದಾನೆ. ತೊಗಟೆಯ ಇನ್ನೊಂದು ಮಗ್ಗುಲಲ್ಲಿ ಬಾಲ ಸುರುಳಿ ಸುತ್ತಿದ ಒಂದು ಪ್ರಾಣಿಯ ಚಿತ್ರ, ಪಕ್ಕದಲ್ಲಿ "ನಾನು ಕಾಡುಪ್ರಾಣಿ" ಅಂತ ಬರಹ, ಮತ್ತು ದಾನಿಲೋ ಎಂಬ ಗೆಳೆಯನಿಗೊಂದು ನಮಸ್ಕಾರ.