‘ಘೆಟ್ಟೊ’ ಹಿಟ್ಲರನ ಕಾಲದ ಪದವಲ್ಲ

‘ಘೆಟ್ಟೊ’ ಎಂದರೆ ಒಂದು ಸಮುದಾಯದವರನ್ನು ಬೇರೆಯಾಗಿ ಇರಿಸಿದ ಕೇರಿ. ಈ ಪದ ಹುಟ್ಟಿದ್ದೇ ಹಿಟ್ಲರನ ಜರ್ಮನಿಯಲ್ಲಿ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು. ಪದ ಅದಕ್ಕಿಂತ 400 ವರ್ಷ ಹಳೆಯದು. ಅದರ ಊರು ಇಟಲಿಯ ವೆನಿಸ್.

1516ರ ಮಾರ್ಚ್ 29ರಂದು ವೆನಿಸ್‌ನ ಆಡಳಿತ ಒಂದು ಆದೇಶ ಹೊರಡಿಸಿತು. ಯಹೂದಿಗಳೆಲ್ಲ ಒಂದೇ ಪುಟ್ಟ ದ್ವೀಪದಲ್ಲಿ ಇರಬೇಕು ಎಂದಿತು. ಅಲ್ಲಿ ಮೊದಲು ಲೋಹದ ಎರಕ ಹೊಯ್ಯುತ್ತಿದ್ದರು. ವೆನಿಸ್‌ನ ಆಡುಮಾತಿನಲ್ಲಿ ಅಂಥ ಜಾಗಕ್ಕೆ ‘ಗೆತೊ’ ಎಂದು ಹೆಸರು. ಪದ ಬಂದಿದ್ದು ಅಲ್ಲಿಂದಲೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ರಾತ್ರಿ ಬಾಗಿಲು ಹಾಕುತ್ತಿದ್ದರು. ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕಿತ್ತು. ಎಂಥ ಅನ್ಯಾಯ ಅಲ್ವಾ? 1797ರಲ್ಲಿ ನೆಪೋಲಿಯನ್ನನ ಸೇನೆ ಬಂದ ಮೇಲಷ್ಟೇ ಆ ಬಾಗಿಲುಗಳು ಹೋದವು.

ನಾಜಿಗಳು ಈ ಹಳೆಯ ಹೆಸರನ್ನೇ ಎತ್ತಿಕೊಂಡರು. ಆದರೆ ಎರಡನ್ನೂ ಸುಮ್ನೆ ಒಂದೇ ಎನ್ನಬಾರದು. ವೆನಿಸ್‌ನ ಯಹೂದಿಗಳು ಹಗಲು ಹೊರಗೆ ಹೋಗಿ ವ್ಯಾಪಾರ ಮಾಡಬಹುದಿತ್ತು. 1940ರಲ್ಲಿ ನಾಜಿಗಳು ಗೋಡೆ ಕಟ್ಟಿ ಮುಚ್ಚಿದ, ಪೋಲೆಂಡಿನ ವಾರ್ಸಾ ನಗರದ ಘೆಟ್ಟೊದಲ್ಲಿ ಜನ ಹಸಿವು, ರೋಗದಿಂದ ಸತ್ತರು. ಉಳಿದವರಲ್ಲಿ ಬಹುಪಾಲು ಜನರನ್ನು ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು.

ಅಮೆರಿಕದಲ್ಲಿ ಮುಂದೆ ಇದು ನಗರದ ಬಡ ಕಪ್ಪು ಜನರ ಕೇರಿಗಳ ಹೆಸರಾಯಿತು. ಅಲ್ಲಿ ಬೀಗ ಇರಲಿಲ್ಲ. ಆದರೆ ಅವರಿಗೆ ಬೇರೆ ಬಡಾವಣೆಯಲ್ಲಿ ಮನೆ ಕೊಡುತ್ತಿರಲಿಲ್ಲ, ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಈಗ ಕೆಲವರು ಇದನ್ನು ‘ಕೀಳು’ ಎಂಬ ಅರ್ಥದಲ್ಲೂ ಬಳಸುತ್ತಾರೆ. ಆ ಬಳಕೆ ನನಗೆ ಒಪ್ಪಿಗೆಯಿಲ್ಲ.